ಸಂದರ್ಶನಕ್ಕಿಂತ ಮೊದಲೇ ಹಂಚಿದ ಪೇಢೆ

ಅಂತರರಾಷ್ಟ್ರೀಯ ಸಂಸ್ಥೆಯ ಮೇಲ್ಮನವಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸಂಸ್ಥೆಯ ಮುಂಬಯಿ ಕಚೇರಿಯಲ್ಲಿ ನನ್ನ ಮೊಮ್ಮಗಳು ಇಂದ್ರಾಬಾಯಿಗೆ ಮೇಲಿನ ಹುದ್ದೆ ಸಿಗಲಿಲ್ಲ. ಸಿಗದಿದ್ದುದಕ್ಕೆ ನನ್ನ ತಕರಾರಿಲ್ಲ. ಬೇರೆಯವರಿಗೆ ಕೊಟ್ಟಾಗಿದ್ದ ಹುದ್ದೆಗೆ ಅವಳನ್ನು ಇಸ್ತ್ರಿ ಸೀರೆಯಲ್ಲಿ ಕರೆಸಿ ಸಂದರ್ಶನಕ್ಕೆ ಕೂರಿಸಿದರಲ್ಲ, ತಕರಾರು ಅದಕ್ಕೆ.

ಸಂದರ್ಶನ ಇದ್ದದ್ದು ಗುರುವಾರ. ಮಂಗಳವಾರವೇ ಅವಳ ಪಕ್ಕದ ಮೇಜಿನ ಮಹನೀಯರು ಬಡ್ತಿ ಸಿಕ್ಕಿತೆಂದು ಕಚೇರಿಗೆಲ್ಲ ಪೇಢೆ ಹಂಚಿದರು. ಯಾವ ಬಡ್ತಿ ಎಂದು ಇವಳು ಕೇಳಲಿಲ್ಲ, ಸಂಕೋಚದ ಹುಡುಗಿ. ತನ್ನ ಪಾಲನ್ನು ಕರವಸ್ತ್ರದಲ್ಲಿ ಕಟ್ಟಿ, ಲೋಕಲ್ ರೈಲಿನ ನೂಕಾಟದಲ್ಲಿ ಜೋಪಾನ ಮಾಡಿ, ಕುರ್ಲಾದ ನಮ್ಮ ಖೋಲಿಗೆ ತಂದು ನನ್ನ ಕೈಗಿಟ್ಟಳು. ನಾನು ತಿಂದೆ. ಏಲಕ್ಕಿ ಹದವಾಗಿತ್ತು. ಆ ಬಡ್ತಿ ಇವಳು ಗುರುವಾರ ಸಂದರ್ಶನ ಕೊಟ್ಟ ಹುದ್ದೆಯದೇ ಎಂದು ತಿಳಿದದ್ದು ಶನಿವಾರ.

ವಕೀಲ ಚನ್ನಬಸಯ್ಯನವರ ಹತ್ತಿರ ಹೋದೆವು.

"ಅಮ್ಮಾರ, ಅವರ ಮ್ಯಾಲೆ ಇಲ್ಲಿನ ಕೋರ್ಟ್ ಕೈ ಹಾಕೂ ಹಂಗಿಲ್ರಿ. ಅವರ ಜಗಳಾ ಅವರೊಳಗ ತೀರಬೇಕು."

"ಯಾಕ್ರಿ, ಅವರೇನು ಮುಗಲಿನಿಂದ ಇಳದು ಬಂದಾರೇನು?"

"ಸರಕಾರದ ಜೋಡಿ ಅವರ ಕರಾರ ಹಂಗೈತ್ರಿ."

ಆದ್ದರಿಂದ ಇಂದ್ರಾಳ ಮೇಲ್ಮನವಿ ನಿಮ್ಮಲ್ಲಿಗೆ ಬಂದಿದೆ. ಕಚೇರಿಯವರ ವಾದ ಕೇಳಿ: ಆಯ್ಕೆ ಮುಖ್ಯಸ್ಥರ ವಿವೇಚನೆಗೆ ಬಿಟ್ಟದ್ದು, ಮೊದಲೇ ನಿರ್ಧರಿಸಿದ್ದಕ್ಕೆ ಪುರಾವೆಯಿಲ್ಲ. ಪುರಾವೆ ಎಲ್ಲಿಂದ ಬರಬೇಕು ಸ್ವಾಮಿ? ಅದನ್ನು ನಾನು ತಿಂದು ನೀರು ಕುಡಿದು ವರ್ಷವಾಯಿತು! ಕಚೇರಿಯಲ್ಲಿ ತಿಂದವರಿಗೋ ಈಗ ಪೇಢೆಯ ರುಚಿಯೇ ನೆನಪಿಲ್ಲವಂತೆ. ವಿವೇಚನೆ ಮಂಗಳವಾರವೇ ಮುಗಿದಿದ್ದರೆ ಗುರುವಾರ ಅಷ್ಟು ಜನ ಕೋಟು ತೊಟ್ಟು ಕೂತು ಇವಳನ್ನು ಕೇಳಿದ್ದಾದರೂ ಏನನ್ನು? ನಾನು ಕಲಿತದ್ದು ಊರ ಶಾಲೆಯ ಮೂರನೇ ಇಯತ್ತೆ. ಅಲ್ಲಿಯೂ ಪರೀಕ್ಷೆ ಆದ ಮೇಲೆಯೇ ಪಾಸು, ನಪಾಸು ಹೇಳುತ್ತಿದ್ದರು.

ಮೊನ್ನೆ ಇಂದ್ರಾ ಕೈಚೆಲ್ಲಿದಳು: "ಬಿಡು ಆಯಿ, ಇರೂ ನೌಕರಿನೂ ಹೋದೀತು. ಅರ್ಜಿ ವಾಪಸ್ ತಗೋತೀನಿ."

"ತಗೋ. ಮುಂದಿನ ಸಲದ ಪೇಢೆನೂ ನನಗ ತಂದ್ ಕೊಡು."

ಅವಳಿಗೆ ನಗು ಬಂತು. ಅರ್ಜಿ ನಿಮ್ಮಲ್ಲೇ ಉಳಿಯಿತು.

ಈಗ ನನ್ನ ಬೇಡಿಕೆ. ವಿಚಾರಣೆಯಲ್ಲಿ ನನ್ನನ್ನು ಸಾಕ್ಷಿಗೆ ಕರೆಯಿರಿ. ತಿಂದದ್ದನ್ನು ಒಪ್ಪಿಕೊಳ್ಳುತ್ತೇನೆ. ಹಂಚಿದವರನ್ನೂ ನಿಲ್ಲಿಸಿ ಒಂದೇ ಮಾತು ಕೇಳಿ: ಮಂಗಳವಾರದ ಪೇಢೆ ಯಾವ ಸಂತೋಷಕ್ಕೆ? ಉತ್ತರ ಬಾರದಿದ್ದರೆ ಆ ಆಯ್ಕೆಯನ್ನು ರದ್ದುಮಾಡಿ ಹೊಸದಾಗಿ ನಡೆಸಿ. ಅದರಲ್ಲಿ ಇಂದ್ರಾ ಸೋತರೆ ಗೆದ್ದವರ ಮನೆಗೆ ನಾನೇ ಹೋಗಿ ಪೇಢೆ ಕೇಳಿ ತಿನ್ನುತ್ತೇನೆ. ಆದರೆ ಸಂದರ್ಶನ ಮುಗಿದ ಮೇಲೆ.

ಇಂತಿ,
ಪುರಾವೆಯನ್ನು ಅರಿಯದೆ ನುಂಗಿದ
ಗುರುಬಾಯಿ
ಕುರ್ಲಾ, ಮುಂಬಯಿ, ೧೯೭೪