ಬಿಳಿ ಕಾರ್ಡಿನ ಪಕ್ಕ

ಗುರುವಾರ, ಜೂನ್ ೧೨

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತವನನ್ನು ಮೊದಲು ಮನಸಾರೆ ಬೈದುಕೋ, ಆಮೇಲೆ ಓದು. ಮಾತುಮಾತಿಗೂ ವಾದ ಹೂಡುವ ನನ್ನ ಮಗಳು, ನಮ್ಮ ಲಾಯರಮ್ಮ, ಆಸ್ಪತ್ರೆಯಿಂದ ಗೆದ್ದು ಮನೆಗೆ ಬಂದಿದ್ದಾಳೆ.

ರಕ್ತದ ಕ್ಯಾನ್ಸರಿಗೆ ಕೊಡುತ್ತಿದ್ದ ಮಾತ್ರೆ ಎಂಟು ವರ್ಷದ ಆ ಜೀವಕ್ಕೆ ಒಗ್ಗುತ್ತಿದೆ ಎಂದೇ ನಂಬಿದ್ದೆವು. ಹೋದ ತಿಂಗಳು ಊಟ ಬಿಟ್ಟಳು. ಕಣ್ಣು ಯಾಕೋ ಹಳದಿ ಕಂಡಿತು. ನನ್ನವಳು, "ಬಣ್ಣದಂಗಡಿಯವ್ರಿಗೆ ಎಲ್ಲಾ ಬಣ್ಣಾನೇ ಕಾಣೋದು" ಅಂದಳು.

ಟ್ಯೂಬ್‌ಲೈಟಿನ ಕೆಳಗೆ ಯಾವ ಬಣ್ಣವನ್ನೂ ನಂಬಬಾರದು ಎನ್ನುವುದು ಇಪ್ಪತ್ತು ವರ್ಷ ಬಣ್ಣ ಬೆರೆಸಿ ಕಲಿತ ಪಾಠ. ಅವಳನ್ನು ಬಿಸಿಲಿಗೆ ಕರೆತಂದು, ಅಂಗಡಿಯಲ್ಲಿ ಬಣ್ಣ ಹೋಲಿಸಲು ಇಟ್ಟಿರುವ ಬಿಳಿ ಶೇಡ್ ಕಾರ್ಡನ್ನು ಕಣ್ಣಿನ ಪಕ್ಕ ಹಿಡಿದೆ. ಅನುಮಾನವೇ ಉಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು. ಲಿವರ್ ಊದಿಕೊಂಡಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಹೆಮ್ಮೆಯಿಂದಲೇ ಹೇಳುತ್ತೇನೆ, ಅವತ್ತು ನನ್ನ ಕಸುಬು ನನ್ನ ಕೈ ಹಿಡಿಯಿತು.

ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು. ಆ ಔಷಧಿಯನ್ನು ಅರಗಿಸಿಕೊಳ್ಳುವ ಶಕ್ತಿ ಇವಳಿಗೆ ಹುಟ್ಟಿನಿಂದಲೇ ಕಡಿಮೆಯಂತೆ; ಬೇರೆ ಮಕ್ಕಳಿಗೆ ಮದ್ದಾಗುವ ಅಳತೆ ಇವಳಿಗೆ ವಿಷವಂತೆ. ಹತ್ತರಲ್ಲಿ ಒಂದು ಪಾಲಿಗೆ ಇಳಿಸೋಣ ಎಂದರು. ಲಾಯರಮ್ಮ ಹಾಸಿಗೆಯಲ್ಲೇ ವಾದಕ್ಕಿಳಿದಳು. "ಇಷ್ಟು ಚೂರು ತಗೊಂಡ್ರೆ ಕಾಯಿಲೆ ಹೋಗುತ್ತಾ? ಹೋಗ್ದಿದ್ರೆ ಯಾರು ಜವಾಬ್ದಾರಿ?"

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು, ಚಿತ್ರ ಬರೆದು ತೋರಿಸಿದರು. "ನಿನ್ನ ಮೈಯಲ್ಲಿ ಈ ಚೂರೇ ಪೂರ್ತಿ ಮಾತ್ರೆ ಕೆಲ್ಸ ಮಾಡುತ್ತೆ, ಪುಟ್ಟಾ."

"ಹಾಗಿದ್ರೆ ಸರಿ, ಒಪ್ಪಿದೆ" ಅಂದಳು. ಇಡೀ ವಾರ್ಡು ನಕ್ಕಿತು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಈಗ ಊಟ ಸೇರುತ್ತಿದೆ, ಜಗಳಕ್ಕೂ ಬರುತ್ತಿದ್ದಾಳೆ. ನೂರು ವರ್ಷ ಬಾಳು ಎಂದು ಅವಳನ್ನು ಹರಸು.

ನಿನ್ನ ತಮ್ಮ

ಮ.ವಿ.: ಇಷ್ಟೆಲ್ಲ ಬರೆದರೂ ಬರೆಯಬೇಕಾದ್ದು ಉಳಿದೇ ಇದೆ. ಇದು ವಂಶದಲ್ಲಿ ಬರುವಂಥದ್ದು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಎಂದು ಡಾಕ್ಟರಮ್ಮ ಕೇಳಿದರು. ಹದಿನಾರು ವರ್ಷದ ಹಿಂದೆ ತೀರಿಹೋದ ನಿನ್ನ ಮಗನ ವಿಷಯ ಹೇಳಿದೆ. ಇದೇ ಕಾಯಿಲೆ, ಇದೇ ಮಾತ್ರೆ. "ಆಗ ಈ ಪರೀಕ್ಷೆ ಇರ್ಲಿಲ್ಲ. ಬಹುಶಃ ಅದೇ ಆಗಿರ್ಬೇಕು. ತಾಯಿ ತಪ್ಪೇನಿಲ್ಲ" ಎಂದರು. ಅವನು ಹೋದ ದಿನ ಎಲ್ಲರೆದುರು, "ನೀನೇ ಮಾತ್ರೆ ಲೆಕ್ಕ ತಪ್ಪಿ ಕೊಟ್ಟು ಮಗೂನ ಕಳ್ಕೊಂಡೆ" ಎಂದು ನಿನಗೆ ಅಂದವನು ನಾನು. ನೀನು ಎದುರಾಡಲೇ ಇಲ್ಲ. ನೀನೂ ಅದನ್ನೇ ನಂಬಿಕೊಂಡು ಬದುಕಿದೆಯೇನೋ ಎಂಬ ಭಯಕ್ಕೇ ಈ ಪತ್ರ ತಡವಾಯಿತು. ನೀನು ಕೊಟ್ಟದ್ದು ಸರಿಯಾಗಿಯೇ ಇತ್ತು, ಅಕ್ಕ.