ಬರೆದವರು ಯಾರೂ ಇಲ್ಲದ ಹಾಡು

ಒಮೆಲ್ಯಾನ್,

ನೀನು ಬದುಕಿದ್ದಾಗ ಟೊರಾಂಟೊಗೆ ಒಂದು ಸಾಲು ಬರೆಯುವ ಧೈರ್ಯ ಮಾಡಲಿಲ್ಲ. ಈಗ ಮಣ್ಣಲ್ಲಿ ಮಲಗಿದವನಿಗೆ ಬರೆಯುತ್ತಿದ್ದೇನೆ, ನೋಡು.

ನಿನ್ನೆ ಕೊಲೊಮಿಯಾದಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆ. ಊಟಕ್ಕೆ ಕೂತಿದ್ದಾಗ ವಾದ್ಯದವರು ನಮ್ಮ ಪ್ರುತ್ ನದಿಯ ಬಗ್ಗೆ ನೀನು ಬರೆದ ಟ್ಯಾಂಗೊ ಹಾಡು ಶುರು ಮಾಡಿದರು. "ಜನಪದ ಹಾಡು!" ಎಂದು ಅಕಾರ್ಡಿಯನ್‌ನವನು ಕೂಗಿದ. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, "ಇದನ್ನ ಬರೆದೋನ್ನ ನಾನು ಬಲ್ಲೆ ಕಣಯ್ಯಾ" ಎಂದೆ.

"ಬಿಡಿ ಅಜ್ಜಿ, ಪ್ರತಿ ಮದುವೇಲೂ ಒಬ್ಬ ಅಜ್ಜಿ ಬಂದು ಇದು ನನಗೋಸ್ಕರಾನೇ ಬರೆದಿದ್ದು ಅಂತಾಳೆ" ಎಂದು ನಕ್ಕು, ಹಳೆಯ ಹಾಡಿನ ಪುಸ್ತಕ ತೆರೆದು ತೋರಿಸಿದ. "ನೋಡಿ, ಅಚ್ಚಾಗಿದೆ. ಜನಪದ. ಸಂಗ್ರಹಿಸಿದವರು ಓರಿಸ್ಯಾ ಬಾಬ್ಯಾಕ್."

ಆ ಓರಿಸ್ಯಾ ನಾನೇ. ದೇಶ ಬಿಟ್ಟು ಹೋದವನ ಹೆಸರಿದ್ದರೆ ಆಗಿನ ಕಮ್ಯುನಿಸ್ಟ್ ಸರ್ಕಾರ ಪುಸ್ತಕವನ್ನೇ ಹೊರಬರಲು ಬಿಡುತ್ತಿರಲಿಲ್ಲ. ಹಾಡಾದರೂ ಉಳಿಯಲಿ ಎಂದು ನಿನ್ನ ಹೆಸರು ಹೊಡೆದುಹಾಕಿದ್ದೆ. ನೀನೋ, ಅಲ್ಲಿ ಟೊರಾಂಟೊದಲ್ಲಿ ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮವರ ಮುಂದೆ ಅದನ್ನೇ ನುಡಿಸುತ್ತಿದ್ದೆಯಂತೆ.

ನಾನು ಆ ಹೆಸರನ್ನೇ ನೋಡುತ್ತಿದ್ದುದನ್ನು ಕಂಡು, "ಯಾಕಜ್ಜಿ, ಈ ಓರಿಸ್ಯಾ ನಿಮಗೆ ಗೊತ್ತಾ?" ಎಂದು ಕೇಳಿದ.

ಹೆದರಿಸುತ್ತಿದ್ದ ಆ ಸರ್ಕಾರ ಬಿದ್ದು ಎರಡು ವರ್ಷವಾಯಿತು. ಆದರೂ "ಇಲ್ಲಪ್ಪಾ" ಅಂದೆ. "ಜನಪದವೇ ಇರಬೇಕು. ನೀನು ನುಡಿಸು."