ಹನ್ನೆರಡನೆಯ ಹೆಪ್ಪು

ಸಿನ್ನರ್, 7 ಮಾರ್ಚ್ 1994, ಬೆಳಿಗ್ಗೆ

…ತಪ್ಪಾಯ್ತು, ಮತ್ತೆ ಮೊದಲಿನಿಂದ. ಎರಡು ಸಲ ಮಾತಾಡಿ ಅಳಿಸಿದೆ ಈ ಕ್ಯಾಸೆಟ್ಟು. ಮಾತಿನ ಮಲ್ಲ ನಾನು, ಇದರ ಮುಂದೆ ತೊದಲು.

ಲೈಸಿನ್ ಇಳುವರಿ ಕುಸಿದಿದೆ. ಕೋಳಿ ಮೇವಿಗೆ ಹಾಕುವ ಪುಡಿ, ನಮ್ಮ ಫ್ಯಾಕ್ಟರಿಯ ಅನ್ನ. ಸಕ್ಕರೆ ಕಾರ್ಖಾನೆಯ ಕಾಕಂಬಿ ತಿಂದು ಅದನ್ನು ಮಾಡಿಕೊಡುವ ಬ್ಯಾಕ್ಟೀರಿಯಾ ಮಾತ್ರ ಮೊದಲಿಗಿಂತ ಜೋರಾಗಿ ಬೆಳೆಯುತ್ತಿದೆ. ಮ್ಯಾನೇಜರ್ ನರಹರಿ ಸಾಹೇಬರ ಕಣ್ಣು ಆಪರೇಟರ್ ಮಧುಕರನ ಮೇಲೆ. ಟ್ಯಾಂಕಿಗೆ ಸರಿಯಾಗಿ ಸ್ಟೀಮ್ ಕೊಟ್ಟು ಬೇರೆ ಕ್ರಿಮಿ ಸಾಯಿಸಿಲ್ಲ ಅಂತ.

ಟ್ಯಾಂಕಿಗೆ ಆ ಬ್ಯಾಕ್ಟೀರಿಯಾದ ಹೆಪ್ಪು ಹಾಕುವವನು ನಾನು. ನನ್ನನ್ನು ಯಾರೂ ಕೇಳಲಿಲ್ಲ.

9 ಮಾರ್ಚ್, ಊಟ ಆಗಿ

ಮನೆಯ ಮೊಸರು ಚೆನ್ನಾಗಿತ್ತು. ಹಾಗೇ ಕೇಳಿದೆ, ಯಾವಾಗಿನ ಹೆಪ್ಪು ಇದು?

ಹೆಂಡತಿ ನಾಗಮ್ಮ ನಕ್ಕಳು. "ಒಂದೇ ಹೆಪ್ಪು ಎಷ್ಟ್ ದಿನಾ ನಡೀತದ್ರಿ? ಲೋಳೆ ಬಿಡ್ತದ. ಆಗಾಗ ಬಾಜೂಮನಿ ಶಾಂತಾಬಾಯಿ ಕಡಿಂದ ಹೊಸಾದು ತರ್ತೀನಿ. ಮೂವತ್ತು ವರ್ಷ ಉಣ್ಣಾಕತ್ತೀರಿ, ಇಷ್ಟೂ ಗೊತ್ತಿಲ್ಲೇನು?"

ಫ್ಯಾಕ್ಟರಿಯ ಹೆಪ್ಪು ನೆನಪಾಯಿತು. ನಿಯಮ ಏನು? ಪ್ರತಿ ಬ್ಯಾಚಿಗೂ ಔರಂಗಾಬಾದ್ ಲ್ಯಾಬಿನ ಹೊಸ ಟ್ಯೂಬ್. ನಾನು? ಹಳೆಯ ಬ್ಯಾಚಿನದೇ ಒಂದು ಚಮಚ ತೆಗೆದು ಮುಂದಿನದಕ್ಕೆ. ಹನ್ನೆರಡು ಸಲ. ಅಷ್ಟು ದೂರದಿಂದ ಐಸಿನಲ್ಲಿ ಬರುವ ಟ್ಯೂಬು ದಂಡ ಮಾಡುವುದೇಕೆ ಅಂತ. ರಿಜಿಸ್ಟರಿನಲ್ಲಿ ಮಾತ್ರ ಪ್ರತಿ ಸಲ 'ಹೊಸ ಟ್ಯೂಬ್'. ನನ್ನದೇ ಸಹಿ.

14 ಮಾರ್ಚ್, ಔರಂಗಾಬಾದ್ ಬಸ್ ಸ್ಟ್ಯಾಂಡ್

ರಜೆ ಹಾಕಿ ಬಂದೆ. ಆ ಬ್ಯಾಕ್ಟೀರಿಯಾದೊಳಗೆ ಲೈಸಿನ್ ಹೆಚ್ಚಿಸುವ ಜೀನ್ ಸೇರಿಸಿದ ಲ್ಯಾಬಿನ ಮೃದುಲಾ ಮೇಡಂಗೆ ನನ್ನ ಹೆಪ್ಪು ಕೊಟ್ಟು ನಾಲ್ಕು ದಿನ ಕಾದೆ. ಬೈಯಲಿಲ್ಲ. "ಕಾಕಾ, ಆ ಜೀನ್ ಅವುಗಳಿಗೆ ಹೊರೆ. ಪ್ರತಿ ಸಲ ಕೆಲವು ಇಳಿಸಿಬಿಡ್ತಾವೆ. ಹೊರೆ ಇಳಿಸಿದೋರು ಮುಂದೆ ಓಡ್ತಾರೆ, ಹೊತ್ತೋರು ಹಿಂದೆ ಉಳೀತಾರೆ. ನಿಮ್ಮ ಟ್ಯಾಂಕ್ ತುಂಬಾ ಈಗ ಇಳಿಸಿದೋರೇ."

ಮಧುಕರನ ಮುಖ ಕಣ್ಣ ಮುಂದೆ ಬಂತು. ಹೊರೆ ಅವನ ತಲೆಯ ಮೇಲೆ. ಓಡುತ್ತಿರುವವನು ನಾನು.

15 ಮಾರ್ಚ್, ಫ್ಯಾಕ್ಟರಿ, ಹನ್ನೊಂದೂಕಾಲು

ಮೇಡಂ ಕೊಟ್ಟ ರಿಪೋರ್ಟು ಜೇಬಿನಲ್ಲಿ. ರಿಟೈರ್ ಆಗಲು ಎಂಟು ವರ್ಷ… ನಾಳೆ ಹೇಳಿದರೆ? ಒಂದು ದಿನದಲ್ಲಿ ಏನು—

ಬಾಗಿಲಲ್ಲಿ ಮಧುಕರ. "ಅಣ್ಣಾ, ಸಾಹೇಬ್ರು ಕರೀಲಿಕ್ಕತ್ತಾರ. ನನ್ನ ಕೆಲಸದಿಂದ ತೆಗಿಯೋ ಕಾಗದಕ್ಕ ಸಾಕ್ಷಿ ಸಹಿ ಬೇಕಂತ. ನಿಮ್ದು."

"ಬಂದೆಪಾ. ಆ ರಿಜಿಸ್ಟರ್ ತಗೋ. ಹೂಂ, ಹೆಪ್ಪಿಂದು. ಸಹಿ ಅದರಾಗ ಹನ್ನೆರಡು ಅವ, ಒಂದೂ ನಿಂದಲ್ಲ. ನಡಿ, ಈ ಟೇಪ್ ಒಂದು ಬಂದ್ ಮಾಡಿ—"